ತುಂಬಿದ ಕಣಜಕ್ಕೆ ಸೊನ್ನೆ ಎನ್ನಬಾರದು

ಇತ್ತೀಚೆಗೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಗೆ ಒಬ್ಬ ತರುಣಿ ಬಂದಿದ್ದಳು. ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಹೊಸದಾಗಿ ಸೇರಿದವಳು. ಕೈಚೀಲದಿಂದ ಅಂಗೈಯಗಲದ ಒಂದು ಮೈಕ್ರೋಕಂಟ್ರೋಲರ್ ಬೋರ್ಡನ್ನು ತೆಗೆದು, ಅದರ ಮೇಲೆ ಇನ್ನೊಂದು ವಿಸ್ತರಣಾ ಬೋರ್ಡನ್ನು ಒತ್ತಿ ಕೂರಿಸಿ, ಅದಕ್ಕೊಂದು ಸೆನ್ಸರನ್ನು ಸಿಕ್ಕಿಸಿದಳು. ನಾನು ಒಳಗೆ ಹೋಗಿ ಚಹಾ ಸೋಸಿಕೊಂಡು ಬರುವಷ್ಟರಲ್ಲಿ ನಮ್ಮ ಪಡಸಾಲೆಯ ಉಷ್ಣತೆ ಅವಳ ಮೊಬೈಲಿನಲ್ಲಿ ಕಾಣಿಸುತ್ತಿತ್ತು.

“ನಿಮ್ಮ ಕಾಲದಾಗ ಇಷ್ಟು ಮಾಡಾಕ ಎಷ್ಟು ದಿವಸ ಹಿಡೀತಿತ್ರಿ ಮೇಡಂ?” ಎಂದು ಕೇಳಿದಳು.

“ಎರಡು ಹಂಗಾಮು,” ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಳೇನೋ. ಆದರೆ ನಾನು ಹೇಳಿದ್ದು ನಿಜ. ಅದನ್ನು ಸರಿಯಾಗಿ ವಿವರಿಸಬೇಕಾದರೆ ಬಾಯಿಮಾತು ಸಾಲದೆನಿಸಿ ಬರೆಯಲು ಕುಳಿತಿದ್ದೇನೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲಿಗಳು. ತಂದೆ ಕುರಿ ಕಾಯುತ್ತಿದ್ದರು. ಒಂದು ವಾಕ್ಯವನ್ನು ಬರೆದ ಮೇಲೆ ಅದು ಶುದ್ಧವಾಗಿದೆಯೇ ಎಂದು ಇನ್ನೊಮ್ಮೆ ಓದಿ ನೋಡುವ ಅಭ್ಯಾಸ ನನಗೆ ಇಂದಿಗೂ ಹೋಗಿಲ್ಲ. ಆದ್ದರಿಂದ ಬರಹ ಸ್ವಲ್ಪ ಬಿಗಿಯಾಗಿ ಕಂಡರೆ ಹೊಸಬರು ಸಹಿಸಿಕೊಳ್ಳಬೇಕು. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬ ವಿವರವನ್ನು ಇಲ್ಲಿ ಕೊಡುವುದಿಲ್ಲ. ಅದರಿಂದ ಯಾರೂ ಕಲಿಯುವಂಥದ್ದೇನಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಕೆಲವೇ ಮೈಕ್ರೋಕಂಟ್ರೋಲರ್ ಕಿಟ್‌ಗಳು. ಒಂದೊಂದೂ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಕುಳಿತಿರುತ್ತಿತ್ತು. ಕೀಲಿಗಳನ್ನು ಒತ್ತಿ ಒತ್ತಿ ಪ್ರೋಗ್ರಾಮನ್ನು ತುಂಬಿಸಬೇಕು. ಉತ್ತರ ಕೆಂಪು ಅಂಕಿಗಳಲ್ಲಿ ಬರುತ್ತಿತ್ತು. ಆ ಕಿಟ್ಟಿಗೆ ತನ್ನಷ್ಟಕ್ಕೆ ಬಿಸಿ, ತಂಪು, ಬೆಳಕು ಯಾವುದೂ ಗೊತ್ತಾಗದು. ಸೆನ್ಸರ್ ಕೊಡುವ ವೋಲ್ಟೇಜನ್ನು ಅಂಕಿಯಾಗಿ ಬದಲಿಸಿ ಅದಕ್ಕೆ ತಲುಪಿಸಲು ಬೇರೊಂದು ವಿಸ್ತರಣಾ ಬೋರ್ಡು ಬೇಕಿತ್ತು. ಅದನ್ನು ನಾವು ಬರೀ ‘ಕಾರ್ಡು’ ಎನ್ನುತ್ತಿದ್ದೆವು. ಕಾರ್ಡಿನ ಒಂದು ಅಂಚಿನಲ್ಲಿ ಸಾಲಾಗಿ ಎಂಟು ಸ್ಕ್ರೂಗಳು. ಒಂದೊಂದು ಸ್ಕ್ರೂವಿಗೆ ಒಂದೊಂದು ಸೆನ್ಸರಿನ ತಂತಿಯನ್ನು ಬಿಗಿಯಬಹುದು. ಆ ಎಂಟು ದಾರಿಗಳಿಗೆ ಚಾನಲ್ ಎಂದು ಹೆಸರು. ಇನ್ನೊಂದು ಅಂಚಿನಿಂದ ಪಟ್ಟಿಯಂಥ ಅಗಲವಾದ ಕೇಬಲ್ ಹೊರಟು ಕಿಟ್ಟಿಗೆ ಸೇರುತ್ತಿತ್ತು. ಕೇಬಲ್ಲಿನ ಒಂದು ಬದಿಗೆ ಕೆಂಪು ಗೆರೆ ಇರುತ್ತಿತ್ತು. ಆ ಗೆರೆಯನ್ನು ನೋಡದೆ ಉಲ್ಟಾ ಸಿಕ್ಕಿಸಿದರೆ ಕಾರ್ಡಿನ ಆಯುಷ್ಯ ಅಲ್ಲಿಗೆ ಮುಗಿಯಿತು.

ಹಾಗೆ ಮುಗಿದದ್ದನ್ನು ಮೊದಲು ಕಂಡುಹಿಡಿಯುತ್ತಿದ್ದವರು ನಮ್ಮ ವಿಭಾಗದ ಮುಖ್ಯಸ್ಥರಾದ ದೇಸಾಯಿ ಸರ್. ರೇಡಿಯೋ ರಿಪೇರಿಯಿಂದ ಬದುಕು ಆರಂಭಿಸಿದವರು, ಮೂಗಿನಿಂದಲೇ ದೋಷ ಪತ್ತೆ ಮಾಡುವವರು. ಲ್ಯಾಬಿನಲ್ಲಿ ಸಣ್ಣದೊಂದು ಐಸಿ ಚಿಪ್ಪು ಬಿಸಿಯಾದರೆ ಸಾಕು, ಆಚೆ ಕೋಣೆಯಿಂದ ಕೂಗು ಕೇಳುತ್ತಿತ್ತು: “ಯಾರಪ್ಪಾ ಅಂವಾ, ಕೇಬಲ್ ಉಲ್ಟಾ ಹಾಕಿದಾಂವ?” ವಿದ್ಯಾರ್ಥಿಗಳು ಮರಳಿಸಿದ ಪ್ರತಿಯೊಂದು ಕಾರ್ಡನ್ನೂ ಅವರು ಮಾವಿನಹಣ್ಣು ಕೊಳ್ಳುವವರಂತೆ ಮೂಸಿ ನೋಡಿಯೇ ಕಪಾಟಿಗೆ ಸೇರಿಸುತ್ತಿದ್ದರು. ಮೊದಮೊದಲು ನನಗೆ ಇದು ವಿಚಿತ್ರವೆನಿಸಿತ್ತು. ಕೆಲವು ವರ್ಷಗಳ ನಂತರ ಬಾಗಿಲು ಮುಚ್ಚಿಕೊಂಡು ನಾನೂ ಮೂಸಿ ನೋಡತೊಡಗಿದೆ. ಮೀಟರು ತೋರಿಸುವ ಮೊದಲೇ ಮೂಗು ಹೇಳುವುದು ಬಹಳಷ್ಟು ಸಲ ಸರಿಯಿರುತ್ತಿತ್ತು.

ಆ ಕಾರ್ಡುಗಳು ಲ್ಯಾಬಿನಿಂದ ಹೊರಗೆ ಹೋಗುವಂತಿರಲಿಲ್ಲ. ವಿದ್ಯಾರ್ಥಿಗಳು ಸೆನ್ಸರನ್ನು ಬಿಗಿದು, ಕೋಣೆಯ ಉಷ್ಣತೆಯನ್ನು ಅಳೆದು, ಜರ್ನಲ್ ಬರೆದು ಹೋಗುತ್ತಿದ್ದರು. ಪ್ರತಿ ವರ್ಷ ಅದೇ ಕೋಣೆ, ಹೆಚ್ಚುಕಡಿಮೆ ಅದೇ ಉಷ್ಣತೆ. ಹಿಂದಿನ ವರ್ಷದವರ ಜರ್ನಲ್ ನೋಡಿ ಅಂಕಿ ಬರೆದುಕೊಳ್ಳುವವರೂ ಇದ್ದರು, ಮತ್ತು ಅವರ ಉತ್ತರ ತಪ್ಪಾಗಿರುತ್ತಿರಲಿಲ್ಲ ಎಂಬುದೇ ನನ್ನ ಸಂಕಟವಾಗಿತ್ತು.

ಹೀಗಿರುವಾಗ ಕೊನೆಯ ವರ್ಷದ ಪ್ರಾಜೆಕ್ಟ್ ಆರಿಸಿಕೊಳ್ಳುವ ಸಮಯ ಬಂತು. ಬಹುತೇಕರು ಟ್ರಾಫಿಕ್ ಸಿಗ್ನಲ್ ಮಾದರಿಯನ್ನೇ ಆರಿಸಿಕೊಂಡರು. ನಾಮದೇವನೊಬ್ಬ ಮಾತ್ರ ಮೇಜಿನ ಮುಂದೆ ಬಂದು ನಿಂತ. ಅವನು ಖಾನಾಪುರದ ಸಮೀಪದ ಹಳ್ಳಿಯವನು. ಮನೆಯಲ್ಲಿ ಮರಾಠಿ, ಅಂಗಳ ದಾಟಿದರೆ ಕನ್ನಡ.

“ಮೇಡಂ ರೀ, ನನಗ ಸಿಗ್ನಲ್ ಬ್ಯಾಡ್ರಿ. ನಮ್ಮೂರಾಗ ಇರೋದು ಒಂದ ರಸ್ತಾ. ಎರಡು ಎಮ್ಮಿ ಅಡ್ಡ ನಿಂತ್ರ ಅದ ಸಿಗ್ನಲ್ಲು.”

“ಮತ್ತೇನ್ ಮಾಡಾಂವ ನೀ?”

“ಭತ್ತಕ್ಕ ಜ್ವರ ಬಂದೈತೋ ಇಲ್ಲೋ ನೋಡೂದ್ರಿ.”

ಸುತ್ತಲಿದ್ದವರು ನಕ್ಕರು. ಅವನು ನಗಲಿಲ್ಲ. ಅವನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ ಸಾವಿತ್ರಿಬಾಯಿ, ತಮ್ಮ ಓಣಿಯ ಮನೆಗಳಿಗೆಲ್ಲ ಬಿತ್ತನೆಯ ಭತ್ತವನ್ನು ಕಾದಿಡುತ್ತಿದ್ದರು. ಅದು ಅವರ ಹಿರಿಯರ ಕಾಲದ ಕೆಂಪಕ್ಕಿಯ ತಳಿ. ಗದ್ದೆಯಲ್ಲಿ ನೀರು ನಿಂತರೂ ಕೊಳೆಯದೆ ನಿಲ್ಲುವಂಥದು. ಅಂಗಡಿಯಲ್ಲಿ ಪಾಕೀಟು ಬೀಜ ಬಂದ ಮೇಲೆ ಒಬ್ಬೊಬ್ಬರೇ ಆ ತಳಿಯನ್ನು ಬಿಟ್ಟಿದ್ದರು. ಸಾವಿತ್ರಿಬಾಯಿ ಮನೆಮನೆಗೆ ಹೋಗಿ ವಾದಿಸಿ, ಇನ್ನೊಂದು ವರ್ಷ ಇದನ್ನೇ ಬಿತ್ತೋಣ ಎಂದು ಒಪ್ಪಿಸಿದ್ದರು. ಆ ವರ್ಷವೇ ಕೊಯ್ಲಿನ ಮೇಲೆ ಮಳೆ ಬಿತ್ತು. ಬೀಜ ಪೂರ್ತಿ ಒಣಗದೆ ಕಣಜ ಸೇರಿತು. ತೇವವಿರುವ ಭತ್ತ ಕಣಜದೊಳಗೆ ತಾನಾಗಿ ಬಿಸಿಯಾಗುತ್ತದೆ. ಬಿಸಿಯಾದ ಬೀಜ ಮೊಳೆಯುವುದಿಲ್ಲ. ಹುಳ ಬೀಳದಂತೆ ಕಣಜದ ಬಾಯಿಯನ್ನು ಸೆಗಣಿ ಮಣ್ಣಿನಿಂದ ಮೆತ್ತಿ ಮುಚ್ಚುವುದರಿಂದ ದಿನವೂ ಕೈ ಹಾಕಿ ನೋಡುವಂತೆಯೂ ಇಲ್ಲ. ಈ ಬೀಜ ಕೆಟ್ಟರೆ ಬೇರೆಲ್ಲಿಂದಲೋ ತರೋಣವೆಂದರೆ ಸುತ್ತಮುತ್ತ ಆ ತಳಿಯನ್ನು ಉಳಿಸಿಕೊಂಡವರು ಯಾರೂ ಇರಲಿಲ್ಲ.

ನಾನು ದೇಸಾಯಿ ಸರ್ ಅವರ ಕೋಣೆಗೆ ಹೋದೆ. ಹೋಗುವ ಮುನ್ನ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಿದ್ದೆ.

“ಶಾಂತಾ ಮೇಡಂ,” ಎಂದರು ಅವರು, “ಆ ಕಾರ್ಡು ಇನ್ನಾ ವರಾಂಡಾಕ್ಕ ಹೋಗಿಲ್ಲ. ನೀವು ಖಾನಾಪುರಕ್ಕ ಒಯ್ತೀನಂತೀರಿ.”

“ಸರ್, ಇಲ್ಲಿ ಅದು ಫ್ಯಾನಿನ ಗಾಳಿ ಬಿಟ್ಟು ಬ್ಯಾರೆ ಏನೂ ಅಳದಿಲ್ರಿ.”

“ಇಲಿ ಕಡದ್ರ?”

“ಪೆಟ್ಟಿಗಿ ಮಾಡಿಸ್ತೀವ್ರಿ.”

“ದನದ ಹೆಂಡಿ ಹತ್ತಿದ್ರ?”

“ಒರಿಸ್ಕೊಂಡ್ ತರ್ತೀವ್ರಿ.”

“ನಾ ಮೂಸಿ ನೋಡ್ತೀನಿ ಮತ್ತ!” ಎಂದರು. ಅದೇ ಅನುಮತಿ ಎಂದು ತಿಳಿದು ಹೊರಗೆ ಬಂದೆ.

ಹೊಸಬರಿಗೆ ಇಲ್ಲೊಂದು ಮಾತು. ಪುಸ್ತಕದಲ್ಲಿ ಸೆನ್ಸರಿನಿಂದ ಕಾರ್ಡಿಗೆ ಒಂದು ನೇರವಾದ ಗೆರೆ ಎಳೆದಿರುತ್ತಾರೆ. ನಮ್ಮ ವೃತ್ತಿಯ ಶ್ರಮವೆಲ್ಲ ಆ ಒಂದು ಗೆರೆಯಲ್ಲಿದೆ. ಕಡಲೆಕಾಳಿನಷ್ಟಿರುವ ಮೂರು ಕಾಲಿನ ಸೆನ್ಸರನ್ನು ಹಾಗೆಯೇ ಭತ್ತದೊಳಗೆ ಹೂತರೆ ತೇವ ತಗಲಿ ಅಂಕಿಗಳು ಕುಣಿಯುತ್ತವೆ. ಫ್ರಿಜ್ ರಿಪೇರಿ ಮಾಡುವವರಲ್ಲಿ ಉಳಿದ ತಾಮ್ರದ ಕೊಳವೆಯ ತುಂಡುಗಳನ್ನು ನಾಮದೇವ ಬೇಡಿ ತಂದ. ಒಂದು ತುದಿಯನ್ನು ಬಡಿದು ಮುಚ್ಚಿ, ಒಳಗೆ ಸೆನ್ಸರನ್ನು ಇಳಿಸಿ, ಇನ್ನೊಂದು ತುದಿಗೆ ಅಂಟು ತುಂಬಿದೆವು. ಆಗ ಅದು ಉದ್ದನೆಯ ಥರ್ಮಾಮೀಟರಿನಂತಾಯಿತು. ಕಣಜದ ಪಕ್ಕದಲ್ಲಿ ಸಣ್ಣ ತೂತು ಮಾಡಿ ತಳ್ಳಬಹುದು, ಬೇಕೆಂದಾಗ ಎಳೆದು ತೆಗೆಯಬಹುದು.

ತಂತಿಯದು ಇನ್ನೊಂದು ಕಥೆ. ಸಾವಿತ್ರಿಬಾಯಿಯವರ ಮನೆಯ ಬಾಜುವಿಗೆ ಹಿಟ್ಟಿನ ಗಿರಣಿ. ಮೊದಲು ಒಂದೇ ಕಣಜಕ್ಕೆ ಹಚ್ಚಿ ಪರೀಕ್ಷಿಸಿದಾಗ, ಗಿರಣಿ ಶುರುವಾದೊಡನೆ ಭತ್ತದ ಉಷ್ಣತೆ ಎರಡು ಪಟ್ಟಾಗಿ ತೋರುತ್ತಿತ್ತು, ನಿಂತರೆ ಇಳಿಯುತ್ತಿತ್ತು. “ಕಾಕು, ಜೋಳ ಬೀಸಿದ್ರ ಭತ್ತಕ್ಯಾಕ ಸಿಟ್ಟು ಬರ್ತೈತಿ?” ಎಂದು ನಾಮದೇವ ತಲೆ ಕೆರೆದುಕೊಂಡ. ಗಿರಣಿಯ ಮೋಟಾರಿನ ಗದ್ದಲವನ್ನು ನಮ್ಮ ಉದ್ದನೆಯ ತಂತಿಗಳು ಹೀರಿಕೊಳ್ಳುತ್ತಿದ್ದವು. ಕೊನೆಗೆ ರವಿವಾರ ಪೇಟೆಯ ಒಬ್ಬ ವ್ಯಾಪಾರಿಯ ಬಳಿ ಟಿವಿ ಕೇಬಲ್ಲಿನ ಉಳಿದ ತುಂಡುಗಳು ಸಿಕ್ಕವು. ಅದರ ಮೈಸುತ್ತ ಜಾಲರಿಯ ಹೊದಿಕೆ ಇರುವುದರಿಂದ ಗದ್ದಲ ಒಳಗೆ ಬರುವುದಿಲ್ಲ. ಅದನ್ನು ಹಾಕಿದ ಮೇಲೆ ಗಿರಣಿ ಎಷ್ಟು ಗುಡುಗಿದರೂ ಭತ್ತ ಶಾಂತವಾಗಿತ್ತು.

ಕಿಟ್ಟನ್ನೂ ಕಾರ್ಡನ್ನೂ ಗೋಡೆಗೆ ಬಿಗಿದ ಭಾನುವಾರ ನಾನೂ ಹೋಗಿದ್ದೆ. ಒಳಕೋಣೆಯಲ್ಲಿ ಆಳೆತ್ತರದ ನಾಲ್ಕು ಬಿದಿರಿನ ಕಣಜಗಳು ಸಾಲಾಗಿ ನಿಂತಿದ್ದವು. ಕಿಟ್ಟಿನ ಎಡಗಡೆಯ ಅಂಕಿ ಚಾನಲ್ಲಿನದು, ಬಲಗಡೆಯ ಎರಡು ಅಂಕಿಗಳು ಉಷ್ಣತೆಯವು. ನಾಲ್ಕೂ ಒಂದರ ನಂತರ ಒಂದು ಬಂದು ಹೋಗುವಂತೆ ಮಾಡಿದ್ದೆವು. ಸಾವಿತ್ರಿಬಾಯಿ ಸೆರಗಿನಿಂದ ಕೈ ಒರೆಸಿಕೊಂಡು ಬಂದು ನಿಂತರು.

“ಇದ್ಯಾಕ್ ನಾಮ್ಯಾ, ಮೊದಲಿಗೇ ಸೊನ್ನಿ ತೋರ್ಸಾಕತ್ತೈತಿ?”

“ಅದು ಮೊದಲನೇ ಕಣಜದ ನಂಬರ್ ಕಾಕು. ಮಿಷನ್ನು ಸೊನ್ನಿಯಿಂದ ಎಣಿಸ್ತೈತಿ.”

“ತುಂಬಿದ ಕಣಜಕ್ಕ ಸೊನ್ನಿ ಅಂತೀಯೇನೋ ಪೋರಾ? ಇದನ್ನ ಕಲಿಯಾಕ ಬೆಳಗಾವಿಗೆ ಹೋಗೀಯೇನು? ಅಕ್ಕೋರ, ನೀವರ ಹೇಳ್ರಿ ಇವಂಗ.”

ಶಿಕ್ಷಕಿಯರನ್ನು ಅಲ್ಲಿ ಅಕ್ಕೋರು ಎಂದೇ ಕರೆಯುವುದು. ನಾನು ತರಗತಿಯಲ್ಲಿ ಹೇಳುವಂತೆಯೇ ಹೇಳಲು ಹೋದೆ. “ಅದು ಖಾಲಿ ಅನ್ನೂ ಸೊನ್ನಿ ಅಲ್ರಿ ಬಾಯಾರ, ಶುರು ಅನ್ನೂ ಸೊನ್ನಿ.”

“ಶುರುವಿಗೇ ಸೊನ್ನಿ ಅಂದ್ರ ಕಡೀಕ ಏನ್ ಉಳೀತೈತ್ರಿ? ಲಾಭ ಅನ್ರಿ.”

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರನ್ನು ಒಂದು ಎನ್ನುವುದಿಲ್ಲ. ಲಾಭ ಎಂದು ಹೇಳಿ ಸುರಿಯುತ್ತಾರೆ. ನಂತರ ಎರಡು, ಮೂರು ಎಂದು ಮುಂದುವರಿಯುತ್ತದೆ. ನಮ್ಮ ಮನೆಯಲ್ಲೂ ಹಾಗೆಯೇ. ನಾಮದೇವ ಸಂತೋಷದಿಂದ ಒಂದು ಚೀಟಿಯಲ್ಲಿ ‘ಲಾಭ’ ಎಂದು ಬರೆದು, ಕಾರ್ಡಿನ ಮೊದಲನೆಯ ಸ್ಕ್ರೂವಿನ ಬಳಿ ಅಚ್ಚಾಗಿದ್ದ ಸೊನ್ನೆಯ ಮೇಲೆ ಅಂಟಿಸಿದ. ಮಿಕ್ಕ ಅಂಕಿಗಳು ಇದ್ದಂತೆಯೇ ಉಳಿದವು. ಸಾವಿತ್ರಿಬಾಯಿಗೆ ಸಮಾಧಾನವಾಯಿತು, ನಮಗೆ ಊಟವಾಯಿತು.

ಸಂಕ್ರಾಂತಿ ಕಳೆದು ಕೆಲ ವಾರಗಳಾಗಿದ್ದವು. ದೇಸಾಯಿ ಸರ್ ನನ್ನನ್ನು ಕರೆಸಿ, ತಪಾಸಣಾ ಸಮಿತಿ ಬರಲಿದೆ, ಲ್ಯಾಬಿನ ಸಾಮಾನೆಲ್ಲ ಕಪಾಟಿನಲ್ಲಿ ಇರಬೇಕು, ಕಿಟ್ಟನ್ನೂ ಕಾರ್ಡನ್ನೂ ಕೂಡಲೇ ತರಿಸಿ ಎಂದರು. ಬಿತ್ತನೆಗೆ ಇನ್ನೂ ತಿಂಗಳುಗಳಿದ್ದವು. ನಾಮದೇವನ ಮುಖ ಸಣ್ಣದಾಯಿತು. ಆದರೂ ಭಾನುವಾರ ಕೋಟೆಯ ಬಾಜುವಿನ ಬಸ್ ನಿಲ್ದಾಣಕ್ಕೆ ಬಂದ. ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. “ನಾಕೂ ಕಣಜ ತಂಪದಾವಂತ ಕಾಕು ಹೇಳ್ಯಾಳ್ರಿ. ಇನ್ನ ಮ್ಯಾಲೂ ಹಂಗ ಇರ್ತಾವೇನ್ರಿ?” ಎಂದು ದಾರಿಯುದ್ದಕ್ಕೂ ಕೇಳಿದ. ಇರುತ್ತವೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಸಾವಿತ್ರಿಬಾಯಿಯವರ ಒಳಕೋಣೆ ಹೊಸ ಸುಣ್ಣದಿಂದ ಬೆಳ್ಳಗಾಗಿತ್ತು. ಕಿಟ್ಟಿನ ಮೇಲೆ ನಾಲ್ಕು ಅಂಕಿಗಳೂ ಸರಿಯಾಗಿ ಬಂದು ಹೋಗುತ್ತಿದ್ದವು; ಎಲ್ಲವೂ ಇಪ್ಪತ್ತೆಂಟರ ಆಚೀಚೆ. ಚಾಲೂ ಇರುವಾಗಲೇ ಸೆನ್ಸರುಗಳನ್ನು ಎಳೆಯೋಣವೆಂದು ಮೊದಲನೆಯ ಕಣಜದ ಕೊಳವೆಯನ್ನು ಹೊರತೆಗೆದೆ. ಭತ್ತದ ಧೂಳು ಒರೆಸಲೆಂದು ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕೈಯ ಬಿಸಿಗೆ ಮೊದಲನೆಯ ಅಂಕಿ ನಿಧಾನವಾಗಿ ಏರಿತು. ಅದು ಸಹಜ. ಆದರೆ ಅದರ ಹಿಂದೆಯೇ ಎರಡನೆಯ ಅಂಕಿಯೂ ಏರಿತು.

ಎರಡನೆಯ ಸೆನ್ಸರ್ ಕಣಜದೊಳಗೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

“ನಾಮದೇವ, ಆ ಎರಡನೇದನ್ನ ಹೊರಗ ತಗಿ. ಮುಷ್ಟಿಯೊಳಗ ಹಿಡಿ.”

ಅವನು ಹಿಡಿದ. ಏರಿದ್ದು ಮೂರನೆಯ ಅಂಕಿ. ಮೂರನೆಯ ಕಣಜದ ಕೊಳವೆಯನ್ನು ಹಿಡಿದಾಗ ನಾಲ್ಕನೆಯದು ಏರಿತು. ನಾಲ್ಕನೆಯ ಕಣಜದ ಸೆನ್ಸರನ್ನು ಯಾರೂ ಓದುತ್ತಲೇ ಇರಲಿಲ್ಲ.

ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ, ತಂತಿಗಳು ಲಾಭ ಎಂದು ಚೀಟಿ ಅಂಟಿಸಿದ ಸ್ಕ್ರೂವಿಗೆ, ಎರಡಕ್ಕೆ, ಮೂರಕ್ಕೆ ಮತ್ತು ನಾಲ್ಕಕ್ಕೆ ಬಿಗಿದಿದ್ದವು. ಒಂದು ಎಂದು ಅಚ್ಚಾಗಿದ್ದ ಸ್ಕ್ರೂ ಬರಿದಾಗಿತ್ತು. ನಮ್ಮ ಪ್ರೋಗ್ರಾಮು ಓದುತ್ತಿದ್ದದ್ದು ಸೊನ್ನೆಯಿಂದ ಮೂರರವರೆಗೆ ಮಾತ್ರ.

“ಕಾಕು, ತಂತಿ ಯಾರ್ ಬಿಚ್ಚಿದ್ರು?”

“ನಾನ ಬಿಚ್ಚೀನಿ. ಸುಣ್ಣ ಹಚ್ಚುವಾಗ ಪೆಟ್ಟಿಗಿ ಇಳಸಬೇಕಾತು. ಮತ್ತ ಸರಿಯಾಗಿ ಹಚ್ಚೀನೆಲ್ಲ? ಲಾಭ, ಎರಡು, ಮೂರು, ನಾಕು.”

“ಒಂದು ಖಾಲಿ ಬಿಟ್ಟೀಯಲ್ಲ!”

“ಒಂದು ಅನ್ನೂದು ಲಾಭದಾಗ ಬಂತಲ್ಲೋ. ಅದಕ್ಕ ಮತ್ತೊಮ್ಮಿ ಯಾಕ ಹಚ್ಚಲಿ?”

ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕಾರ್ಡಿನ ಲೆಕ್ಕವೂ ತಪ್ಪಿರಲಿಲ್ಲ. ಎರಡು ಸರಿಯಾದ ಲೆಕ್ಕಗಳ ನಡುವೆ ಒಂದು ಕಣಜ ಕಾವಲಿಲ್ಲದೆ ಉಳಿದಿತ್ತು. ಬರಿದಾದ ಚಾನಲ್ ಸೊನ್ನೆಯನ್ನೋ ಅಸಂಬದ್ಧ ಅಂಕಿಯನ್ನೋ ತೋರಿಸಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಆದರೆ ಆ ಕಾರ್ಡುಗಳ ಸ್ವಭಾವ ಬೇರೆ. ಒಂದೇ ಲೋಟದಲ್ಲಿ ಒಬ್ಬೊಬ್ಬರಿಗೆ ನೀರು ಕೊಡುವಂತೆ ಒಂದೊಂದೇ ಚಾನಲ್ಲನ್ನು ಅಳೆಯುತ್ತ ಹೋಗುತ್ತವೆ. ಹೊಸ ನೀರು ಸುರಿಯದಿದ್ದರೆ ಹಿಂದಿನದೇ ಲೋಟದಲ್ಲಿ ಉಳಿದಿರುತ್ತದೆ. ಬರಿದಾದ ಚಾನಲ್ ತನ್ನ ಹಿಂದಿನದರ ಅಂಕಿಯನ್ನೇ ಎರವಲು ಪಡೆದು ತೋರಿಸುತ್ತಿತ್ತು. ಹೀಗಾಗಿ ನಾಲ್ಕಕ್ಕೆ ನಾಲ್ಕು ಅಂಕಿ ಬರುತ್ತಿದ್ದವು, ಎಲ್ಲವೂ ನಂಬುವಂತಿದ್ದವು.

ನಾಮದೇವ ನಾಲ್ಕನೆಯ ಕಣಜದ ತಂತಿಯನ್ನು ಬರಿದಾದ ಸ್ಕ್ರೂವಿಗೆ ಬಿಗಿದ. ನಲವತ್ತಮೂರು ಎಂದು ಬಂತು.

ಸಾವಿತ್ರಿಬಾಯಿ ಮೂಲೆಯಲ್ಲಿದ್ದ ಕುಡುಗೋಲನ್ನು ತೆಗೆದುಕೊಂಡು ಕಣಜದ ಬಾಯಿಯ ಮೆತ್ತಿಗೆಯನ್ನು ಒಡೆದರು. ಬೆಚ್ಚನೆಯ ಹುಳಿ ವಾಸನೆ ಕೋಣೆಯನ್ನೆಲ್ಲ ತುಂಬಿತು. “ಅಗಂ ಬಾ‌ಯಿ!” ಎಂದು ಮರಾಠಿಯಲ್ಲಿ ಉದ್ಗರಿಸಿ, ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ಭತ್ತ ತೆಗೆದರು. ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಅವರ ಧ್ವನಿ ಓಣಿಗೆಲ್ಲ ಕೇಳಿಸಿತು.

ಬಂದವರಲ್ಲಿ ಮೊದಲಿಗರು ಅದೇ ಓಣಿಯ ಪರಶುರಾಮ. ಸಾವಿತ್ರಿಬಾಯಿಯನ್ನು ಅವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಆ ನಾಲ್ಕನೆಯ ಕಣಜದಲ್ಲಿದ್ದುದು ಬಹುಪಾಲು ಅವರದೇ ಬೀಜ. ಕೊಯ್ಲಿನ ಮಳೆಗೆ ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ಅವರ ಕಣವೇ. ಪಾಕೀಟು ಬೀಜವೇ ಆಗಬೇಕೆಂದು ಕೊನೆಯವರೆಗೆ ಹಟ ಹಿಡಿದಿದ್ದವರೂ ಅವರೇ.

“ನಾ ಅವತ್ತ ಹೇಳಿದ್ದೆ ವೈನಿ. ಪಾಕೀಟ್ ತಂದಿದ್ರ ಈ ತ್ರಾಸ ಇರ್ತಿದ್ದಿಲ್ಲ.”

“ಪಾಕೀಟಿಗೆ ಜ್ವರ ಬಂದ್ರ ನಿನಗ ಯಾರ್ ಹೇಳ್ತಾರೋ ಪರಶ್ಯಾ? ಮೊದಲ ತಾಡಪತ್ರಿ ಹಾಸು, ಆಮ್ಯಾಲ ಜಗಳ ಮಾಡೂಣು. ಏ, ಬಿಸಲಿಗೆ ಒಯ್ಯಬ್ಯಾಡ್ರಿ! ಬೀಜ ಐತಿ ಅದು. ನೆರಳಾಗ ಹರವ್ರಿ!”

ಜಗಲಿ, ಪಡಸಾಲೆ, ಗಿರಣಿಯ ಮುಂದಿನ ಚಪ್ಪರ, ಎಲ್ಲ ಕಡೆ ಭತ್ತ ಹರಡಿತು. ಹೆಂಗಸರು ಕಾಲಿನಿಂದ ಸಾಲು ಸಾಲಾಗಿ ಕೆದರುತ್ತ ನಡೆದರು. ಕಣಜದ ಮೇಲಿನ ಪದರದ ಭತ್ತವನ್ನೂ ನಡುವಿನ ಬಿಸಿಯಾದ ಭತ್ತವನ್ನೂ ಬೇರೆ ಬೇರೆಯಾಗಿ ಹರಡಲು ಆಗಲಿಲ್ಲ, ಆತುರದಲ್ಲಿ ಬೆರೆತುಹೋಗಿತ್ತು. ನಾಮದೇವ ಪೆಟ್ಟಿಗೆಯನ್ನು ಪಡಸಾಲೆಗೆ ತಂದಿಟ್ಟು, ತಂತಿ ಎಟಕುವ ರಾಶಿಗಳಿಗೆಲ್ಲ ತಾಮ್ರದ ಕೊಳವೆಯನ್ನು ಚುಚ್ಚಿ ಅಂಕಿ ಕೂಗುತ್ತಿದ್ದ. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಭತ್ತ ಕೆದರಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಕಿ ಮೂವತ್ತಕ್ಕೆ ಬಂತು. ಬೀಜ ಉಳಿಯಿತೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಸೆನ್ಸರೂ ಹೇಳುವಂತಿರಲಿಲ್ಲ.

ಕಾರ್ಡನ್ನು ತರದೆ ಬರಿಗೈಯಲ್ಲಿ ಬೆಳಗಾವಿಗೆ ಮರಳಿದೆ. ಮರುದಿನ ದೇಸಾಯಿ ಸರ್ ಎಲ್ಲವನ್ನೂ ಕೇಳಿ, ಲ್ಯಾಬಿನ ಸಾಮಾನಿನ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು.

“ಸಮಿತಿಯವ್ರು ಕಾರ್ಡ್ ಎಲ್ಲೈತಿ ಅಂದ್ರ ಏನ್ ಹೇಳ್ಲಿ?”

“ಭತ್ತದಾಗ ಐತಿ ಅಂತ ಹೇಳ್ರಿ ಸರ್,” ಎಂದುಬಿಟ್ಟೆ. ಹಾಗೆ ಮಾತಾಡುವವಳಲ್ಲ ನಾನು. ಹಿಂದಿನ ದಿನದ ದಣಿವು ಮಾತಾಡಿಸಿತ್ತು.

ಸಮಿತಿಯವರು ಕೇಳಿಯೇ ಕೇಳಿದರು. ದೇಸಾಯಿ ಸರ್ ಎದ್ದು ನಿಂತು, ನಮ್ಮ ಕಾರ್ಡು ಖಾನಾಪುರದಲ್ಲಿ ಫೀಲ್ಡ್ ಟ್ರಯಲ್‌ನಲ್ಲಿದೆ, ಅಲ್ಲಿ ಅದು ಈಗಾಗಲೇ ಒಂದು ಅಪಾಯವನ್ನು ಪತ್ತೆಹಚ್ಚಿದೆ ಎಂದು ಗಂಭೀರವಾಗಿ ಹೇಳಿದರು. ಅಪಾಯವನ್ನು ಪತ್ತೆಹಚ್ಚಿದ್ದು ಮುಷ್ಟಿಯೆಂದು ನಾನು ತಿದ್ದಲು ಹೋಗಲಿಲ್ಲ. ಸಮಿತಿಯವರು ತಲೆಯಾಡಿಸಿ ಮುಂದಿನ ಕಪಾಟಿಗೆ ಹೋದರು. ಅಂದಿನಿಂದ ಪ್ರತಿ ವರ್ಷ ಕೆಲವು ಕಾರ್ಡುಗಳು ಹೊರಗೆ ಹೋಗತೊಡಗಿದವು: ಒಂದು ಕುಂದಾ ಮಿಠಾಯಿ ಮಾಡುವವರ ಹಾಲಿನ ಕೋಣೆಗೆ, ಇನ್ನೊಂದು ಒಂದು ಫೌಂಡ್ರಿಗೆ. ಹಿಂದಿರುಗಿದಾಗ ದೇಸಾಯಿ ಸರ್ ಅವನ್ನು ಮೂಸಿ, ಎಲ್ಲಿಗೆ ಹೋಗಿ ಬಂದದ್ದೆಂದು ಹೇಳಿ ನಗುತ್ತಿದ್ದರು.

ಲ್ಯಾಬಿನ ಕ್ರಮವೂ ಬದಲಾಯಿತು. ಬಳಸದ ಚಾನಲ್ಲುಗಳನ್ನು ಬರಿದಾಗಿ ಬಿಡದೆ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ತಂತಿಗೆ, ಜೋಡಿಸುವುದು ಮೊದಲ ಪಾಠವಾಯಿತು. ಆಗ ಅವು ಎರವಲು ಅಂಕಿ ತೋರಿಸುವುದಿಲ್ಲ. ಸ್ಕ್ರೂಗಳಿಗೆ ಅಂಕಿಯ ಬದಲು ಸೆನ್ಸರ್ ಎಲ್ಲಿದೆಯೋ ಆ ಜಾಗದ ಹೆಸರನ್ನೇ ಬರೆಯತೊಡಗಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು, ಜೋಡಣೆ ಮುಗಿದ ಮೇಲೆ ಪ್ರತಿಯೊಂದು ಸೆನ್ಸರನ್ನೂ ಮುಷ್ಟಿಯಲ್ಲಿ ಹಿಡಿದು, ಏರಬೇಕಾದ ಅಂಕಿಯೇ ಏರುತ್ತಿದೆಯೇ ಎಂದು ನೋಡುವುದು. ಈಗಿನ ವಿಸ್ತರಣಾ ಬೋರ್ಡುಗಳಲ್ಲಿ ಉಲ್ಟಾ ಸಿಕ್ಕಿಸಲು ಬರುವುದಿಲ್ಲ, ಬೆಸುಗೆ ಬೇಕಿಲ್ಲ, ಕೆಂಪು ಗೆರೆ ಹುಡುಕಬೇಕಿಲ್ಲ. ನನಗೆ ಇದರಿಂದ ಹೊಟ್ಟೆಕಿಚ್ಚೇನೂ ಇಲ್ಲ. ಉಳಿದ ಸಮಯವನ್ನು ನೀವು ಸೆನ್ಸರ್ ಇರುವ ಜಾಗಕ್ಕೆ ಹೋಗಲು ಬಳಸುತ್ತೀರೆಂಬ ನಂಬಿಕೆ ನನ್ನದು. ಮುಷ್ಟಿಯ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಪರದೆಯ ಮೇಲೆ ಅಂಕಿ ಬಂತೆಂದರೆ ಅದು ನೀವು ಕೇಳಿದ ಜಾಗದಿಂದಲೇ ಬಂದಿದೆ ಎಂದು ಅರ್ಥವಲ್ಲ.

ಬಿತ್ತನೆಗೆ ಮುನ್ನ ಸಾವಿತ್ರಿಬಾಯಿ ನಾಲ್ಕೂ ಕಣಜಗಳಿಂದ ಒಂದೊಂದು ಹಿಡಿ ಭತ್ತ ತೆಗೆದು ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರು. ಗಂಟು ಬಿಚ್ಚುವ ದಿನ ಬರಬೇಕೆಂದು ನನಗೂ ಹೇಳಿಕಳಿಸಿದ್ದರು. ಓಣಿಯವರೆಲ್ಲ ಜಗಲಿಯ ಮೇಲೆ ಕುಳಿತಿದ್ದರು. ಮೊದಲಿನ ಮೂರು ಗಂಟುಗಳಲ್ಲಿ ಭತ್ತ ಬೆಳ್ಳನೆಯ ಮೊಳಕೆ ಒಡೆದು ಬಟ್ಟೆಗೇ ಹೆಣೆದುಕೊಂಡಿತ್ತು. ನಾಲ್ಕನೆಯದನ್ನು ಬಿಚ್ಚುವಾಗ ಪರಶುರಾಮ ಮುಂದೆ ಬಾಗಿದರು. ಅರ್ಧದಷ್ಟು ಮೊಳೆತಿತ್ತು. ಉಳಿದರ್ಧ ಹಾಗೆಯೇ ಕಂದುಬಣ್ಣಕ್ಕೆ ತಿರುಗಿ ಮಲಗಿತ್ತು.

“ಆತು, ನಂದು ಹೋತು,” ಎಂದು ಪರಶುರಾಮ ಎದ್ದರು. “ನಾಳೆ ಅಂಗಡಿಗೆ ಹೋಗೂದ.”

“ಕುಂದ್ರೋ, ಕುಂದ್ರು,” ಎಂದರು ಸಾವಿತ್ರಿಬಾಯಿ. “ಮೊದಲನೇ ಕಣಜ ನಂದೈತಿ. ಅದರಾಗಿಂದು ನೀ ಒಯ್ಯಿ. ನಾಕನೇದ್ದು ನಾ ಬಿತ್ತತೀನಿ.”

“ಅರ್ಧಾ ಸತ್ತೈತಿ ವೈನಿ.”

“ಅರ್ಧಾ ಬದುಕೈತಿ. ದಟ್ಟ ಬಿತ್ತತೀನಿ. ನೀ ಪಾಕೀಟಿಗೆ ಹೋದ್ರ ನಿನ್ನ ಹಿಂದ ಇವರೆಲ್ಲಾ ಹೋಗ್ತಾರ, ನನಗ ಗೊತ್ತಿಲ್ಲೇನು?”

ಜನ ನಕ್ಕರು. ಪರಶುರಾಮ ನಗಲಿಲ್ಲ. ಆದರೆ ಸಂಜೆ ಚೀಲ ತಂದು ಬೀಜ ಹೊತ್ತುಕೊಂಡು ಹೋದರು ಎಂದು ನಾಮದೇವ ಆಮೇಲೆ ಹೇಳಿದ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ನಾನಾಗಿಯೇ ಹೋದೆ. ಆ ವೇಳೆಗೆ ನಾಮದೇವ ಪಾಸಾಗಿ, ಬೆಳಗಾವಿಯಲ್ಲೇ ವಿದ್ಯುತ್ ಉಪಕರಣಗಳ ಒಂದು ವರ್ಕ್‌ಶಾಪಿಗೆ ಸೇರಿದ್ದ. ಅವನೂ ರಜೆ ಹಾಕಿ ಬಂದಿದ್ದ. ಓಣಿಯವರ ಗದ್ದೆಗಳೆಲ್ಲ ಒಂದೇ ಸಮನಾಗಿ ಹಸಿರಾಗಿದ್ದವು. ಸಾವಿತ್ರಿಬಾಯಿಯವರ ಗದ್ದೆ ಮಾತ್ರ ತೇಪೆ ಹಾಕಿದ ಕಂಬಳಿಯಂತಿತ್ತು: ಒಂದೆಡೆ ಗುಂಪಾಗಿ ಎದ್ದ ಪೈರು, ಇನ್ನೊಂದೆಡೆ ಬರಿಯ ಕೆಸರು. ಮೂಲೆಯೊಂದು ಪೂರ್ತಿ ಖಾಲಿ. ಅವರು ಮಳೆ ತಡೆಯುವ ಎಲೆಯ ಗೊರಬು ಹಾಕಿಕೊಂಡು, ದಟ್ಟವಾಗಿದ್ದ ಕಡೆಯಿಂದ ಸಸಿ ಕಿತ್ತು ತೆಳುವಾದ ಕಡೆ ಹಚ್ಚುತ್ತಿದ್ದರು. ಕಿತ್ತು ಹಚ್ಚಲು ಅವರ ಗದ್ದೆಯಲ್ಲಿ ಅಷ್ಟು ಸಸಿಗಳಿಲ್ಲವೆಂಬುದು ಬದುವಿನ ಮೇಲೆ ನಿಂತ ನನಗೂ ತಿಳಿಯುತ್ತಿತ್ತು.

“ಬರ್ರಿ ಅಕ್ಕೋರ. ನಾಕನೇ ಕಣಜ ನೋಡಾಕ ಬಂದ್ರೇನು? ನೋಡ್ರಿ, ನಿಂತೈತಿ.”

ಅಷ್ಟರಲ್ಲಿ ಬದುವಿನ ಆಚೆಯಿಂದ ಪರಶುರಾಮ ಬಂದರು. ತಲೆಯ ಮೇಲೆ ಸಸಿಯ ಹೊರೆಯಿತ್ತು. ಬೇರಿನಿಂದ ಕೆಸರು ನೀರು ಅವರ ಕುತ್ತಿಗೆಗೆ ಇಳಿಯುತ್ತಿತ್ತು. ಹೊರೆಯನ್ನು ಖಾಲಿ ಮೂಲೆಯಲ್ಲಿ ಧೊಪ್ಪನೆ ಇಳಿಸಿದರು.

“ನನ್ನ ಗದ್ದ್ಯಾಗ ಬಾಳ ದಟ್ಟ ಎದ್ದೈತಿ ವೈನಿ. ನಿನ್ನ ಬೀಜ ಐತಿ, ಇಟ್ಗೊ.”

“ಪಾಕೀಟಿನ್ಯಾಂವ ಕೊಟ್ಟ ಕಳಸ್ಯಾನೇನು?”

“ಇನ್ನರ ಬಿಡು ವೈನಿ,” ಎಂದು ಅವರು ಧೋತರ ಮೇಲೆ ಕಟ್ಟಿ ಕೆಸರಿಗೆ ಇಳಿದರು.

ನಾಮದೇವ ಪ್ಯಾಂಟು ಮಡಚಿದ. ನಾನು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಕಾಲು ಜಾರದಂತೆ ಎಚ್ಚರಿಕೆಯಿಂದ ಇಳಿದು, ಒಂದು ಹಿಡಿ ಸಸಿ ತೆಗೆದುಕೊಂಡು ಸಮನಾದ ಅಂತರದಲ್ಲಿ ಒಂದೊಂದಾಗಿ ಹಚ್ಚತೊಡಗಿದೆ.

“ಅಕ್ಕೋರ, ಅಷ್ಟ್ ನಾಜೂಕ ಬ್ಯಾಡ್ರಿ,” ಎಂದು ಸಾವಿತ್ರಿಬಾಯಿ ಕೂಗಿದರು. “ಭತ್ತ ಐತಿ, ನಿಮ್ಮ ಕಾರ್ಡಿನಂಗ ಸುಡೂದಿಲ್ಲ. ಒತ್ತಿ ಹಚ್ರಿ!”

ನಾನು ಒತ್ತಿ ಹಚ್ಚಿದೆ. ಮಳೆ ಮತ್ತೆ ಹಿಡಿಯಿತು, ಯಾರೂ ಮೇಲೆ ಹೋಗಲಿಲ್ಲ. ಬೆಳಗಾವಿಯ ಬಸ್ಸಿನ ಹೊತ್ತಾಗುವ ಮೊದಲು ಆ ಮೂಲೆ ಪೂರ್ತಿ ತುಂಬಿತ್ತು.